ಅವ್ವ ಹೂಡಿದ ದಾವೆ

ನನ್ನ ಅವ್ವ ಕೆಜಾಯಳಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಯಾವ ದಿನ ಏನಾಯಿತೆಂಬುದನ್ನು ಅವಳು ಮರೆತದ್ದೇ ಇಲ್ಲ. ಪೆನ್ಸಿಲ್ವೇನಿಯಾದ ಹಳ್ಳಿಯೊಂದರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಗ್ರೂಬರನ ಮನೆಯಲ್ಲಿ ಅವಳು ಹುಟ್ಟಿನಿಂದ ಗುಲಾಮಳು. ಅವಳ ಹೊಟ್ಟೆಯಲ್ಲಿ ಹುಟ್ಟಿದ ನಾನೂ ಅದೇ ಮನೆಯ ಆಳು. ಅಪ್ಪ ಮಿಂಗೊ ಮಾತ್ರ ಸ್ವತಂತ್ರ. ಊರೂರು ತಿರುಗಿ ಪೀಪಾಯಿ ಕಟ್ಟುತ್ತಿದ್ದ, ಅಷ್ಟಿಷ್ಟು ಓದುತ್ತಿದ್ದ.

ನನಗೆ ಎರಡು ವರ್ಷವಿದ್ದಾಗ ಒಂದು ಭಾನುವಾರ ಅಪ್ಪ ಹಳೇ ಪತ್ರಿಕೆಯೊಂದನ್ನು ಹಿಡಿದು ಬಂದ.

"ಕೇಳೇ ಇಲ್ಲಿ. ಹದಿನೇಳುನೂರ ಎಂಬತ್ತನೇ ಇಸವಿ ನವೆಂಬರ್ ಒಂದರೊಳಗೆ ಗುಲಾಮರ ಹೆಸರನ್ನ ಕಚೇರೀಲಿ ಬರೆಸಲೇಬೇಕಿತ್ತಂತೆ. ಬರೆಸದೇ ಇದ್ರೆ ಅವರಿಗೆ ಬಿಡುಗಡೆ."

"ನಮ್ಮ ಧಣಿ ಬರೆಸಿದಾನಲ್ಲ."

"ಯಾವತ್ತು?"

ಹಿಟ್ಟು ನಾದುತ್ತಿದ್ದ ಅವ್ವನ ಕೈ ನಿಂತಿತು. "ಅಕ್ಟೋಬರ್ ಕೊನೇ ದಿನ ಸೇಬು ಹಿಂಡೋಕೆ ಶುರು ಮಾಡಿದ್ವಿ. ಎರಡು ದಿನ ಧಣಿ ಅಲ್ಲಿಂದ ಅಲ್ಲಾಡಲಿಲ್ಲ. ಮಾರನೇ ದಿನ ಹೊಸ ರಸ ಮಿತಿಮೀರಿ ಕುಡಿದು, ಹೊಟ್ಟೆ ಕೆಟ್ಟು ಮಲಗಿದ. ಅದರ ಮಾರನೇ ದಿನವೇ ಕಚೇರಿಗೆ ಅಂತ ಕುದುರೆ ಹತ್ತಿದ್ದು."

ಅಪ್ಪ ಬೆರಳು ಮಡಿಸಿದ. "ಮೂರನೇ ತಾರೀಖು ಕಣೇ!"

ಗುಲಾಮಗಿರಿ ಪಾಪವೆನ್ನುವ ಕ್ವೇಕರ್ ಪಂಥದ, ಪೇಟೆಯ ವಕೀಲರೊಬ್ಬರು ಪುಕ್ಕಟೆಯಾಗಿ ದಾವೆ ಹೂಡಿಕೊಟ್ಟರು. ಸುದ್ದಿ ಮುಟ್ಟಿದಾಗ ಗ್ರೂಬರ್ ಅಡುಗೆಮನೆಗೆ ನುಗ್ಗಿದ. "ಕತ್ತೆಗೆ ಕಾನೂನು ಹೇಳಿಕೊಟ್ಟೋರು ಯಾರು? ನಾಳೇನೇ ನಿನ್ನ ದಕ್ಷಿಣಕ್ಕೆ ಮಾರಿಬಿಡ್ತೀನಿ!"

"ಆಗಲ್ಲ ಧಣಿ. ತೀರ್ಪು ಬರೋವರೆಗೂ ಮಾರಕೂಡದು ಅಂತ ಜಡ್ಜು ಬರೆದುಕೊಟ್ಟಿದಾರೆ," ಎಂದಳು ಅವ್ವ.

ವಿಚಾರಣೆಯ ದಿನ ನಾನು ಅವಳ ಸೊಂಟದ ಮೇಲಿದ್ದೆ. ಗ್ರೂಬರ್ ಎದೆ ಮುಟ್ಟಿಕೊಂಡು, ತಾನು ಹೆಸರು ಬರೆಸಿದ್ದು ಅಕ್ಟೋಬರಿನಲ್ಲೇ ಎಂದ. ಗುಮಾಸ್ತ ದಪ್ಪ ಪುಸ್ತಕ ಬಿಚ್ಚಿದ.

"ಕೆಜಾಯ, ವಯಸ್ಸು ಇಪ್ಪತ್ತೆರಡು. ಬರೆಸಿದ್ದು ನವೆಂಬರ್ ಮೂರು."

ಹಿಂದೆ ಕೂತಿದ್ದ ನಮ್ಮವರು ಬೆಂಚು ಗುದ್ದಿದರು. ಜಡ್ಜು ಸುತ್ತಿಗೆ ಬಡಿದರೂ ಯಾರೂ ಸುಮ್ಮನಾಗಲಿಲ್ಲ. ಅವಳು ಸ್ವತಂತ್ರಳು, ಆದ್ದರಿಂದ ಅವಳ ಮಗಳೂ ಸ್ವತಂತ್ರಳು ಎಂದು ತೀರ್ಪಾಯಿತು.

ಬಟ್ಟೆಗಂಟು ತರಲು ಗಿರಣಿಗೆ ಹೋದಾಗ ಗ್ರೂಬರನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ನಾಳೆ ರೊಟ್ಟಿ ಯಾರು ಮಾಡೋದು?"

"ಒಲೆ ಅಲ್ಲೇ ಇದೆಯಲ್ಲಮ್ಮ. ಹಿಟ್ಟಿಗಂತೂ ಬರವಿಲ್ಲ."

ನಾವು ಫಿಲಡೆಲ್ಫಿಯಾಕ್ಕೆ ಬಂದೆವು. ಅವ್ವ ಸಂತೆಕಟ್ಟೆಯಲ್ಲಿ ಮೆಣಸಿನ ಸಾರು ಮಾರಿದಳು. ಅವಳ ಮುಂದೆ ಬೋಗುಣಿ ಹಿಡಿದು ಕೂತವರಲ್ಲಿ ಎಷ್ಟೋ ಜನ ಸಾರಿಗೆ ಬಂದವರಲ್ಲ. "ನಿನ್ನ ಹೆಸರು ಬರೆಸೋಕೆ ಧಣಿ ಪೇಟೆಗೆ ಹೋದ ವಾರ ನೀನು ಏನು ಮಾಡ್ತಿದ್ದೆ? ಮಳೆ ಇತ್ತಾ? ಯಾರಾದ್ರೂ ಸತ್ತಿದ್ರಾ?" ಎಂದು ಅವ್ವ ಕೆದಕಿ ಕೆದಕಿ ಕೇಳುತ್ತಿದ್ದಳು. ಹಾಗೆ ದಾವೆ ಹೂಡಿದ ಏಳು ಜನರಲ್ಲಿ ಐವರು ಗೆದ್ದರು. ಅವರಲ್ಲೊಬ್ಬಳ ಮಗನನ್ನೇ ನಾನು ಮದುವೆಯಾದೆ.