ಹಜ್ಜಾ ನೌಫಾಳ ಜಮೀದ್ ಮತ್ತು ರಾತಿಬನ ಬ್ಯಾಟರಿ

ರಾತಿಬ್ ಸೈನ್ಯದ ಉಗ್ರಾಣದಲ್ಲಿ ಅರ್ಧ ಆಯಸ್ಸು ಕಳೆದು ನಿವೃತ್ತನಾದವನು. ಅಕ್ಕಿ ಮೂಟೆಯಿರಲಿ, ಬೂಟಿನ ಪೆಟ್ಟಿಗೆಯಿರಲಿ, ಒಮ್ಮೆ ಎತ್ತಿ ಇಳಿಸಿ ಇದು ಅಸಲು, ಇದು ನಕಲು ಎಂದು ತೀರ್ಪು ಕೊಟ್ಟುಬಿಡುತ್ತಿದ್ದ. ಸೈನ್ಯ ಅವನನ್ನು ಬಿಟ್ಟರೂ ಅವನು ತೀರ್ಪು ಕೊಡುವುದನ್ನು ಬಿಡಲಿಲ್ಲ. ಮನೆಯಲ್ಲಿ ಕಲ್ಲಂಗಡಿ, ಗ್ಯಾಸ್ ಸಿಲಿಂಡರ್, ಬೀಗರು, ಎಲ್ಲರ ಮೇಲೂ ಅದು ನಡೆಯುತ್ತಿತ್ತು. ಹೆಂಡತಿ ಇನ್ಸಾಫ್ ಮಾತ್ರ ಆಗಾಗ, ಅಲ್ಲಿನ ರೂಢಿಯಂತೆ ಮಗನ ಹೆಸರಿನಿಂದ ಹಾತಿಮನ ಅಪ್ಪ ಎಂದು ಕರೆದು, "ಅಬೂ ಹಾತಿಮ್, ನಿಮ್ಮ ಕೈ ತಕ್ಕಡಿ ಇರಬಹುದು, ಆದ್ರೆ ಎಲ್ಲಾನೂ ತೂಕಕ್ಕೆ ಸಿಗಲ್ಲ ಕಣ್ರೀ" ಎಂದು ಚುಚ್ಚುತ್ತಿದ್ದಳು. ಅವನು ಕೇಳಿಸಿಕೊಂಡವನೇ ಅಲ್ಲ.

ಆ ವರ್ಷ ಚಳಿಗಾಲದ ಕೊನೆಗೆ ಅವನ ಹೈಬ್ರಿಡ್ ಕಾರು ಒಂದು ಬೆಳಿಗ್ಗೆ ಏಳಲೇ ಇಲ್ಲ. ಅವರಿದ್ದ ಅಮ್ಮಾನ್ ನಗರದಲ್ಲಿ ಅಂಥ ಕಾರುಗಳು ಬೀದಿಗೆ ಹತ್ತು. ಅವುಗಳನ್ನು ಎಬ್ಬಿಸುವ ಚಿಕ್ಕ ಬ್ಯಾಟರಿ ಮುಂದೆ ಬಾನೆಟ್ಟಿನಡಿ ಇರುವುದಿಲ್ಲ, ಹಿಂದೆ ಡಿಕ್ಕಿಯ ಮೂಲೆಯಲ್ಲಿ ಕೂತಿರುತ್ತದೆ. ಕಾರನ್ನು ಎಳೆಸಿ ಬಯಾದರಿಗೆ ತಂದಾಗ, ಅಲ್ಲಿನ ಗ್ಯಾರೇಜು ಬೀದಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದ ಅಬೂ ಸುಹೈಬ್ ಹಳೆಯದನ್ನು ಹೊರಗೆ ತೆಗೆದು, ಅದರ ಮೇಲಿನ ಚೀಟಿಯನ್ನು ಬೆರಳಿನಿಂದ ಒರೆಸಿ ಓದಿದ.

"ಇದೇ ಜಾತೀದು ಬೇಕು. ನನ್ನ ಹತ್ರ ಖಾಲಿ. ಗುರುವಾರ ಬರುತ್ತೆ, ತಡ್ಕೊಳ್ಳಿ."

"ಜಾತಿ ಎಂಥದ್ದು? ನಾನೇನು ಮಗಳನ್ನ ಕೊಡ್ತಿದೀನಾ?" ಎಂದ ರಾತಿಬ್. "ಹನ್ನೆರಡು ವೋಲ್ಟು ಅಂದ್ರೆ ಹನ್ನೆರಡು ವೋಲ್ಟು."

"ಕೇಳಿ, ಅಣ್ಣ. ಇದು ಮುಚ್ಚಿದ ಬ್ಯಾಟರಿ. ಪಕ್ಕದಲ್ಲಿ ತೂತಿದೆ ನೋಡಿ, ಅದಕ್ಕೊಂದು ಕೊಳವೆ..."

ರಾತಿಬ್ ಅಷ್ಟರಲ್ಲಿ ಪಕ್ಕದ ಅಂಗಡಿಯ ಮುಂದೆ ನಿಂತಾಗಿತ್ತು. ಅಲ್ಲಿ ನೀರು ತುಂಬುವ ಮಾಮೂಲಿ ಬ್ಯಾಟರಿಗಳ ಸಾಲು. ಒಂದನ್ನು ಎತ್ತಿದ, ಇಳಿಸಿದ. ಹಳೆಯದಕ್ಕಿಂತ ಭಾರ. ಅಷ್ಟು ಸಾಕಾಯಿತು. ತಂತಿ ಸಿಕ್ಕಿಸುವ ಅದರ ಕಂಬಗಳು ದಪ್ಪವಾಗಿದ್ದು ಕಾರಿನ ಬಿಗಿಪಟ್ಟಿ ಹಿಡಿಯಲಿಲ್ಲ, ಅಂಗಡಿಯವನು ಸುತ್ತಿಗೆಯಿಂದ ಅಗಲಿಸಿ ಕೂರಿಸಿದ. ಹಳೆಯ ಬ್ಯಾಟರಿಗೆ ಸಿಕ್ಕಿಸಿದ್ದ ರಬ್ಬರ್ ಕೊಳವೆ ಈಗ ಯಾತಕ್ಕೂ ಸೇರದೆ ನೇತಾಡುತ್ತಿತ್ತು. ಅದನ್ನು ತಂತಿಯಲ್ಲಿ ಕಟ್ಟಿ ಬದಿಗೆ ಸರಿಸಿದರು. ಗುಂಡಿ ಒತ್ತಿದ್ದೇ ತಡ ಕಾರು ಎದ್ದಿತು. ರಾತಿಬ್ ಅಬೂ ಸುಹೈಬನ ಅಂಗಡಿಯ ಮುಂದೆ ಬೇಕೆಂದೇ ನಿಧಾನವಾಗಿ ಕಾರು ಓಡಿಸಿಕೊಂಡು ಹೋದ.

ಊರೊಳಗಿನ ಸಣ್ಣಪುಟ್ಟ ಓಡಾಟದಲ್ಲಿ ಏನೂ ಗೊತ್ತಾಗಲಿಲ್ಲ. ವಸಂತದಲ್ಲಿ ದಂಪತಿ ಕರಕ್ ಕಡೆಯ ಹಳ್ಳಿಗೆ, ಇನ್ಸಾಫಳ ತಾಯಿ, ಹಿರಿಯಳೆಂಬ ಗೌರವಕ್ಕೆ ಎಲ್ಲರೂ ಹಜ್ಜಾ ಎನ್ನುವ ನೌಫಾಳ ಮನೆಗೆ ಹೋದರು. ಮಗ ಹಾತಿಮನ ಮದುವೆ ಹತ್ತಿರ ಬಂದಿತ್ತು. ಮದುವೆಯ ಮನ್ಸಫ್‌ಗೆ, ಅಂದರೆ ಅನ್ನದ ಮೇಲೆ ಕುರಿಮಾಂಸ ಹರಡಿ ಹುಳಿರಸ ಸುರಿದು ಬಡಿಸುವ ಆ ಊಟಕ್ಕೆ, ರಸಕ್ಕೆ ಕದಡುವ ಜಮೀದ್ ಅಜ್ಜಿಯ ಕೈಯದ್ದೇ ಆಗಬೇಕೆಂದು ಹುಡುಗ ಹಟ ಹಿಡಿದಿದ್ದ. ಕುರಿಹಾಲಿನ ಮೊಸರನ್ನು ಕಡೆದು, ಬಟ್ಟೆಯಲ್ಲಿ ಹಿಂಡಿ, ಉಪ್ಪು ನಾದಿ, ಉಂಡೆ ಕಟ್ಟಿ ಬಿಸಿಲಲ್ಲಿ ಕಲ್ಲಾಗಿಸಿದ ಜಮೀದ್ ಮಾಡುವುದರಲ್ಲಿ ಹಜ್ಜಾ ನೌಫಾಳನ್ನು ಮೀರಿಸುವವರು ಆ ಕಡೆ ಇರಲಿಲ್ಲ. ಹುಡುಗಿ ನೋಡಲು ಬಂದವರು ಕೂಡ ಮೊದಲು ಕೇಳುತ್ತಿದ್ದದ್ದು, ಸಾರು ಯಾರ ಕೈಯ ಜಮೀದಿನದ್ದು ಎಂದು. ಗಂಡ ಸತ್ತ ಮೇಲೆ ಆ ಮುದುಕಿಗೆ ಊರಲ್ಲಿದ್ದ ಹೆಸರು, ಮಾನ, ಮಾತಿನ ತೂಕ ಎಲ್ಲವೂ ಆ ಬಿಳಿ ಉಂಡೆಗಳಿಂದಲೇ ಬಂದದ್ದು.

ಎರಡು ಬಟ್ಟೆ ಚೀಲ ತುಂಬ ಜಮೀದನ್ನು ಡಿಕ್ಕಿಗೆ ಹಾಕಿಕೊಂಡು ಹೊರಟರು. ದಾರಿಯಲ್ಲಿ ಕೆಂಪು ಧೂಳಿನ ಗಾಳಿ ಎದ್ದಿತು. ಕಿಟಕಿಗಳನ್ನೆಲ್ಲ ಮುಚ್ಚಿ ಎಸಿ ಹಾಕಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರೊಳಗೆ ಕೊಳೆತ ಮೊಟ್ಟೆಯ ನಾತ ಹಬ್ಬಿತು. ಇನ್ಸಾಫಳ ಕಣ್ಣು ಉರಿಯತೊಡಗಿತು, ತಲೆ ಸಿಡಿಯುತ್ತಿದೆ ಎಂದು ಹಣೆ ಒತ್ತಿಕೊಂಡಳು. ರಾತಿಬ್ ಬದಿಗೆ ನಿಲ್ಲಿಸಿ ಡಿಕ್ಕಿ ತೆಗೆದ. ನಾತ ಮುಖಕ್ಕೆ ರಾಚಿತು. ಕಣ್ಣಿಗೆ ಕಂಡದ್ದು ಎರಡು ಚೀಲ. ತೀರ್ಪಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಕೊಳೆತು ಹೋಗಿದೆ."

"ಜಮೀದ್ ಕೊಳೆಯೋದಾ? ಕಲ್ಲಿನ ಥರ ಒಣಗಿರೋದು ಹೆಂಗ್ರೀ ಕೊಳೆಯುತ್ತೆ? ಅದೂ ನಮ್ಮಮ್ಮ ಮಾಡಿದ್ದು!"

"ಒಳಗೆ ಹಸಿ ಉಳಿದಿರುತ್ತೆ. ವಯಸ್ಸಾಯ್ತು, ಕೈ ತಪ್ಪಿದೆ. ನಿನ್ನ ಮೂಗಿಗೆ ಬರ್ತಿಲ್ವಾ ನಾತ?"

ಇನ್ಸಾಫಳಿಗೆ ಬರುತ್ತಿತ್ತು. ಅದೇ ಅವಳ ಬಾಯಿ ಕಟ್ಟಿತು. ರಾತಿಬ್ ಎರಡೂ ಚೀಲಗಳನ್ನು ಹೊತ್ತು ರಸ್ತೆ ಬದಿಯ ಹಳ್ಳಕ್ಕೆ ಸುರಿದ. ತಿನ್ನುವ ಪದಾರ್ಥ ಎಸೆಯುವಾಗ ಬೇಡಬೇಕಾದ ದೇವರ ಕ್ಷಮೆಯನ್ನೂ ಬೇಡಿದ. ಆಮೇಲೆ ಎಲ್ಲ ಕಿಟಕಿ ಇಳಿಸಿ, ಧೂಳು ತಿನ್ನುತ್ತಲೇ ಕಾರು ಓಡಿಸಿದ. ನಾತ ಹೋಯಿತು. ನೋಡಿದೆಯಾ ಎಂಬಂತೆ ಹೆಂಡತಿಯ ಕಡೆ ತಿರುಗಿದ. ಮನೆ ಮುಟ್ಟಿದ ಕೂಡಲೇ, ಇನ್ಸಾಫ್ ಬೇಡ ಬೇಡವೆಂದರೂ, ಅತ್ತೆಗೆ ಫೋನು ಮಾಡಿದ. "ಅತ್ತೆ, ಬೇಜಾರು ಮಾಡ್ಕೋಬೇಡಿ. ಈ ಸಲದ್ದು ನಾರ್ತಿತ್ತು, ಎಸೆದೆ. ಇನ್ನು ನಿಮಗ್ಯಾಕೆ ಈ ಕಷ್ಟ?" ಆ ಕಡೆಯಿಂದ "ಹೌದಾ ಮಗನೇ" ಎಂದಷ್ಟೇ ಕೇಳಿಸಿತು.

ಮದುವೆ ಅಂಗಡಿಯ ಜಮೀದಿನಲ್ಲಿ ನಡೆಯಿತು. ಹಜ್ಜಾ ನೌಫಾ ಮಂಡಿನೋವೆಂದು ಬರಲಿಲ್ಲ. ಬೀಗರ ಹಿರಿಯನೊಬ್ಬ ಒಂದು ತುತ್ತು ಬಾಯಿಗಿಟ್ಟು, ಇದು ಕರಕಿನದಲ್ಲವಲ್ಲ ಎಂದು ಹುಬ್ಬೇರಿಸಿದ. ಇನ್ಸಾಫ್ ಮುಖ ಎಲ್ಲಿಡಬೇಕೆಂದು ತಿಳಿಯದೆ ಒಳಗೆ ಹೋಗಿ ಕೂತಳು.

ಬೇಸಿಗೆ ಬಲಿತ ಮೇಲೆ ದಂಪತಿ ಹೊಸ ಸೊಸೆಯ ತವರಿಗೆಂದು ಇರ್ಬಿದ್ ಕಡೆ ಹೊರಟರು. ಬಿಸಿಲಿಗೆ ಕಿಟಕಿ ಮುಚ್ಚಿತ್ತು, ಡಿಕ್ಕಿಯಲ್ಲಿ ಒಂದು ಪೆಟ್ಟಿಗೆ ಸಿಹಿ ಬಿಟ್ಟರೆ ಏನೂ ಇರಲಿಲ್ಲ. ಅರ್ಧ ದಾರಿಯಲ್ಲಿ ಅದೇ ನಾತ. ಅದೇ ಕಣ್ಣುರಿ. ಇನ್ಸಾಫ್ ಗಂಡನ ಕಡೆ ನಿಧಾನವಾಗಿ ತಿರುಗಿದಳು.

"ಅಬೂ ಹಾತಿಮ್. ಈಗ ಯಾರ ಜಮೀದ್ ನಾರ್ತಿದೆ?"

ರಾತಿಬ್ ಕಿಟಕಿಗಳನ್ನು ಇಳಿಸಿ, ಇರ್ಬಿದ್ ಬಿಟ್ಟು, ಅಲ್ಲಿಂದಲೇ ಹಿಂದಕ್ಕೆ ತಿರುಗಿಸಿ ನೇರ ಬಯಾದರಿಗೆ ಬಂದ.

ಅಬೂ ಸುಹೈಬ್ ಡಿಕ್ಕಿಯ ಹಲಗೆ ಎತ್ತಿದವನೇ ಎರಡು ಹೆಜ್ಜೆ ಹಿಂದೆ ಹಾರಿದ. ಬ್ಯಾಟರಿಯ ಪಕ್ಕೆಗಳು ಉಬ್ಬಿದ್ದವು. ಕಂಬಗಳ ಸುತ್ತ ಬಿಳಿ ಹಕ್ಕಳೆ ಎದ್ದಿತ್ತು, ಸುತ್ತಲಿನ ಕಬ್ಬಿಣ ಆಮ್ಲಕ್ಕೆ ಬೆಂದು ಸುಲಿದಿತ್ತು.

"ಸಿಗರೇಟು ಸೇದ್ತೀರಾ ನೀವು?"

"ಬಿಟ್ಟು ವರ್ಷವಾಯ್ತು."

"ಪುಣ್ಯಾತ್ಮ! ಒಂದು ಕಿಡಿ ಬಿದ್ದಿದ್ರೆ ನಿಮ್ಮಿಬ್ಬರನ್ನ ಗೋಣಿಚೀಲದಲ್ಲಿ ತುಂಬಬೇಕಿತ್ತು. ಇದು ಕುದ್ದು ಗ್ಯಾಸು ಬಿಡುತ್ತೆ, ಸ್ವಾಮಿ. ಆ ಗ್ಯಾಸು ಕಾರಿನಡಿಗೆ ಹೋಗ್ಲಿ ಅಂತಾನೇ ಆ ಕೊಳವೆ ಇರೋದು. ನೀವು ಅದನ್ನ ಕಟ್ಟಿಹಾಕಿ ಉಸಿರಾಡ್ತಾ ಕೂತಿದೀರಿ! ನಾತ ಬರ್ಲಿಲ್ವಾ ಇಷ್ಟು ದಿನ?"

"ಬಂತು," ಎಂದಳು ಇನ್ಸಾಫ್. "ನಮ್ಮಮ್ಮನ ತಲೆ ಮೇಲೆ ಹಾಕಿದ್ರು."

ಈ ಸಲ ರಾತಿಬ್ ಏನನ್ನೂ ಎತ್ತಿ ನೋಡಲಿಲ್ಲ. ಅಬೂ ಸುಹೈಬ್ ಒಂದೊಂದನ್ನೇ ತೋರಿಸುತ್ತ ಹೋದ, ಅವನು ಶಾಲೆಯ ಹುಡುಗನಂತೆ ತಲೆಯಾಡಿಸಿದ. ಮುಚ್ಚಿದ ಜಾತಿಯದ್ದೇ ಆಗಬೇಕು. ಪಕ್ಕದ ತೂತಿಗೆ ಕೊಳವೆ ಸೇರಬೇಕು. ಕಂಬ ಸಣ್ಣದಿರಬೇಕು, ಪ್ಲಸ್ಸು ಹಳೆಯದರಲ್ಲಿ ಯಾವ ಕಡೆ ಇತ್ತೋ ಅದೇ ಕಡೆ ಬರಬೇಕು, ಆಂಪಿಯರ್ ಅಷ್ಟೇ ಇರಬೇಕು, ಅಳತೆ ಡಿಕ್ಕಿಯ ತಟ್ಟೆಗೆ ಸರಿಯಾಗಿ ಕೂರಬೇಕು. ಹೊಸದು ಸುತ್ತಿಗೆಯಿಲ್ಲದೆ ತನ್ನ ಜಾಗದಲ್ಲಿ ಕೂತಿತು. ಕೊಳವೆ ಟಿಕ್ಕೆಂದು ಸಿಕ್ಕಿಕೊಂಡಿತು.

"ಈಗ ಎಲ್ಲಿಗೆ?" ಎಂದಳು ಇನ್ಸಾಫ್.

"ನಿಮ್ಮಮ್ಮನ ಕಾಲು ಹಿಡಿಯೋಕೆ."

ಸಂಜೆಗೆ ಮುಂಚೆ ಹಳ್ಳಿ ಮುಟ್ಟಿದರು. ಮನೆಯ ಹಿಂದಿನ ಕುರಿದೊಡ್ಡಿ ಖಾಲಿಯಾಗಿತ್ತು. ಹಜ್ಜಾ ನೌಫಾ ಹೊಸ್ತಿಲ ಬಳಿ ಕೂತು ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ರಾತಿಬ್ ನೆಲಕ್ಕೆ ಕುಕ್ಕರಿಸಿ, ಅವಳ ಕೈ ಹಿಡಿದು ಹಣೆಗೊತ್ತಿಕೊಂಡು ಎಲ್ಲ ಹೇಳಿದ. ಬ್ಯಾಟರಿ, ಕೊಳವೆ, ಗ್ಯಾಸು, ತನ್ನ ದುಡುಕು, ಒಂದನ್ನೂ ಬಿಡಲಿಲ್ಲ. ಬೈಯಲಿ, ಕೋಲಿನಿಂದ ಬಾರಿಸಲಿ ಎಂದು ಕಾದ.

"ಹಾಗಾದ್ರೆ ಕೊಳೆತಿರಲಿಲ್ವಾ?" ಎಂದಳು ಮುದುಕಿ.

"ಇಲ್ಲ ಅತ್ತೆ. ದೇವರಾಣೆ."

"ಕುರಿ ಮಾರಿಬಿಟ್ಟೆನಲ್ಲೋ."

"ಅಮ್ಮಾ! ಇವರೊಂದು ಮಾತು ಅಂದ್ರು ಅಂತ ಮಾರಿಬಿಡೋದಾ?" ಇನ್ಸಾಫ್ ಚೀರಿದಳು. "ಇನ್ನೊಂದು ಉಂಡೆ ಮೂಸಿ ನೋಡಿದ್ರೆ ನಿಂಗೇ ಗೊತ್ತಾಗ್ತಿರಲಿಲ್ವಾ?"

ಮುದುಕಿ ತಲೆವಸ್ತ್ರದ ಅಂಚು ಎಳೆದುಕೊಂಡಳು. "ಮೂಗು ಎಲ್ಲಿದೆ ನಂಗೆ? ಆ ದೊಡ್ಡ ಕಾಯಿಲೆ ಬಂದು ಹೋದಾಗಲೇ ವಾಸನೆ ಹೋಯ್ತು. ಒಲೆ ಮೇಲೆ ಸೀದ್ರೂ ಗೊತ್ತಾಗಲ್ಲ. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ನನ್ನ ಜಮೀದ್ ಯಾರು ತಿಂತಾರೆ? ಬೆರಳಿಗೆ ಗೊತ್ತಿದೆ ಅಂದ್ಕೊಂಡು ಮಾಡ್ತಾ ಬಂದೆ. ನೀನು ನಾರ್ತಿದೆ ಅಂದಾಗ, ಇಷ್ಟು ವರ್ಷ ಜನಕ್ಕೆ ಕೊಳೆತದ್ದು ತಿನ್ನಿಸ್ದೆನಲ್ಲಾ ಅಂತ ಜೀವ ಹೋದಂಗಾಯ್ತು. ಕೋಲು ಊರ್ಕೊಂಡು ಮನೆಮನೆಗೆ ಹೋಗಿ, ನಾನು ಕೊಟ್ಟಿದ್ದನ್ನ ಎಸೆದುಬಿಡಿ, ನನ್ನ ಕ್ಷಮಿಸಿ ಅಂತ ಕೈ ಮುಗಿದು ಬಂದೆ."

ಈ ಮುದುಕಿ, ಹಬ್ಬದ ದಿನವೂ ಯಾರ ಹೊಸ್ತಿಲನ್ನೂ ಮೊದಲು ತುಳಿಯದವಳು, ಬಾಗಿಲು ಬಾಗಿಲಿಗೆ ಹೋಗಿ ಬೇಡಿಕೊಂಡಿದ್ದಳು. ರಾತಿಬನ ಒಂದು ಮಾತಿಗೆ. ಅವನು ಎದ್ದು ಬೀದಿಗೆ ಇಳಿದ. ಅವಳು ತಟ್ಟಿದ ಪ್ರತಿ ಬಾಗಿಲನ್ನೂ ತಾನು ತಟ್ಟಿ, ತಪ್ಪು ತನ್ನದು, ಜಮೀದಿನದಲ್ಲ ಎಂದು ಹೇಳಿ ಬರಬೇಕು. ಅದಿಲ್ಲದೆ ಆ ಮನೆಯ ನೀರು ಕುಡಿಯಲು ಅವನಿಗೆ ಮುಖವಿರಲಿಲ್ಲ.

ಮೊದಲ ಮನೆ ಪಕ್ಕದ ಷಾಮಾಳದ್ದು. ಅವಳು ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲು ತೆಗೆದಳು. ರಾತಿಬ್ ತೊದಲುತ್ತ ಶುರು ಮಾಡಿದ. "ತಂಗಿ, ಹಜ್ಜಾ ಬಂದು ಜಮೀದ್ ಎಸೀರಿ ಅಂದಿದ್ರಲ್ಲ, ಅದು..."

"ಅಯ್ಯೋ, ಅವಳಿಗೆ ಹೇಳ್ಬೇಡಿ," ಎಂದು ಷಾಮಾ ದನಿ ತಗ್ಗಿಸಿದಳು. "ಹೂಂ ಹಜ್ಜಾ, ಎಸೀತೀವಿ ಅಂದ್ವಿ, ಅಷ್ಟೆ. ಇವತ್ತೂ ಅದೇ ಒಲೆ ಮೇಲಿದೆ, ಬನ್ನಿ, ಒಂದು ತುತ್ತು ತಿನ್ನಿ. ಈ ಬೀದೀಲಿ ಒಬ್ಬರೂ ಎಸೆದಿಲ್ಲ. ಅವಳಿಗೆ ಮೂಗಿಲ್ಲ ಅನ್ನೋದು ನಮಗೆಲ್ಲ ಯಾವಾಗ್ಲೋ ಗೊತ್ತು. ಆದ್ರೆ ಅವಳ ಕೈಯಿಂದ ಬಂದಿದ್ದನ್ನ ಯಾರಾದ್ರೂ ಎಸೀತಾರೇನ್ರೀ?"

ಒಳಗಿನಿಂದ ಜಮೀದಿನ ಹುಳಿಯ ಘಮ ಬಾಗಿಲವರೆಗೂ ಬರುತ್ತಿತ್ತು. ರಾತಿಬ್ ಹೊಸ್ತಿಲು ದಾಟಲಿಲ್ಲ. ಷಾಮಾ ಅವನ ಮುಖವನ್ನೇ ನೋಡುತ್ತ, ಕೈಯ ಹಿಟ್ಟು ಉಜ್ಜುವುದನ್ನು ನಿಲ್ಲಿಸಿದಳು.

"ಅಬೂ ಹಾತಿಮ್... ನೀವು ಎಸೆದ್ರಾ?"