ರೆಮಿ ಆಂಟಿಯ ಬೆಂಚು ಮತ್ತು ನನ್ನ ಒಂದು ಮತ

ಈ ಸಲವೂ ಅಂಚೆ ಡಬ್ಬಿಯಲ್ಲಿ ಆ ಹಳದಿ ಲಕೋಟೆ ಬಂದಿದೆ. ನಮ್ಮ ಟೌನ್‌ಹೋಮ್ ಅಸೋಸಿಯೇಷನ್ನಿನ ಬೋರ್ಡಿಗೆ ವರ್ಷಕ್ಕೊಮ್ಮೆ ನಡೆಯುವ ಚುನಾವಣೆಯ ಮತಪತ್ರ. ನೀವು ನಗಬಹುದು. ಸ್ಯಾನ್ ಡಿಯಾಗೋದ ಮಿರಾ ಮೆಸಾದಲ್ಲಿ ಅರವತ್ತು ಮನೆಗಳ ಒಂದು ಕಾಂಪೌಂಡು, ಅದಕ್ಕೆ ಐದು ಜನರ ಬೋರ್ಡು. ಅವರು ತೀರ್ಮಾನಿಸುವುದು ಗೋಡೆಗೆ ಯಾವ ಬಣ್ಣ ಬಳಿಯಬೇಕು, ಕಸದ ಡಬ್ಬಿ ಎಷ್ಟು ಹೊತ್ತಿಗೆ ಹೊರಗಿಡಬೇಕು ಎಂಬಂಥ ಘನಂದಾರಿ ವಿಷಯಗಳನ್ನು. ಆದರೂ ನನಗೆ ಈ ಲಕೋಟೆ ನಗುವ ವಿಷಯವಲ್ಲ. ಕಳೆದ ವರ್ಷ ಇಂಥದೇ ಲಕೋಟೆಯೊಳಗೆ ನಾನು ಮಾಡಿಟ್ಟ ಕೆಲಸ ನೆನೆದರೆ ಈಗಲೂ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕೆನಿಸುತ್ತದೆ.

ಎಲ್ಲ ಶುರುವಾದದ್ದು ಒಂದು ಬೆಂಚಿನಿಂದ. ಅಂಚೆ ಡಬ್ಬಿಗಳ ಪಕ್ಕ, ಮರದ ನೆರಳಲ್ಲಿ, ಬಣ್ಣ ಹೋದ ಬೆಂಚು. 2020ರಲ್ಲಿ ವಿಮಾನಗಳು ನಿಂತು ನನ್ನ ಅತ್ತೆ ತುಮಕೂರಿಗೆ ಹಿಂದಿರುಗಲಾಗದೆ ನಮ್ಮಲ್ಲೇ ಉಳಿದಾಗ ಅವರಿಗಿದ್ದ ಆಸರೆ ಅದೊಂದೇ. ಒಂದು ತುದಿಗೆ ಅತ್ತೆ, ಇನ್ನೊಂದು ತುದಿಗೆ ಎದುರುಮನೆಯ ರೆಮಿ ಆಂಟಿ, ಇಬ್ಬರ ಮುಖಕ್ಕೂ ಮಾಸ್ಕು. ರೆಮಿ ಆಂಟಿ ಫಿಲಿಪೀನ್ಸಿನವರು. ಇಲ್ಲಿ ನರ್ಸ್ ಆಗಿರುವ ಮಗಳ ಮನೆಗೆ ಬಂದು ನೆಲೆಸಿದವರು. ಅತ್ತೆ ರಿಟೈರಾದ ಸ್ಕೂಲ್ ಮೇಡಂ, ಇಂಗ್ಲಿಷು ಬಾರದೇನಿಲ್ಲ, ಆದರೆ ಮಾತು ರಂಗೇರಿದರೆ ಕನ್ನಡಕ್ಕೆ ಇಳಿಯುತ್ತಾರೆ. ಅಷ್ಟು ಹೊತ್ತಿಗೆ ರೆಮಿ ಆಂಟಿಯೂ ತಮ್ಮ ಭಾಷೆ ಟಗಾಲೋಗಿಗೆ ಇಳಿದಿರುತ್ತಿದ್ದರು. ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು, ಹೇಗೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ರೆಮಿ ಆಂಟಿ ತಮ್ಮ ಗಿಡದ ಕಲಮಾನ್ಸಿ ತಂದುಕೊಡುತ್ತಿದ್ದರು, ಗೋಲಿಯಷ್ಟು ದಪ್ಪದ ಹುಳಿ ಹಣ್ಣು. ಅತ್ತೆ ಅದನ್ನು ಹಿಂಡಿ ಚಿತ್ರಾನ್ನ ಕಲಸಿ, “ನಿಂಬೆಹಣ್ಣಿಗಿಂತ ಒಂದು ಕೈ ಮೇಲು ಕಣೆ” ಎಂದು ತೀರ್ಪು ಕೊಟ್ಟಿದ್ದರು.

ಚಿತ್ರಾನ್ನ ತಲುಪಿಸಲು ಹೋದ ನಾನೂ ಆರಡಿ ದೂರದಲ್ಲಿ ಹುಲ್ಲಿನ ಮೇಲೆ ಕೂತುಬಿಡುತ್ತಿದ್ದೆ. ಹೂವಿನ ನೈಟಿ ತೊಟ್ಟ ಈ ರೆಮಿ ಆಂಟಿ ತಮ್ಮೂರಿನ ನಗರಸಭೆಯಲ್ಲಿ ಒಂಬತ್ತು ವರ್ಷ ಕೌನ್ಸಿಲರ್ ಆಗಿದ್ದವರು ಎಂದು ಗೊತ್ತಾದದ್ದು ಹಾಗೆ. ಅವರು ಹೇಳುತ್ತಿದ್ದುದು ಇಂಗ್ಲಿಷಿನಲ್ಲಿ, ನನ್ನಲ್ಲಿ ಉಳಿದಿರುವುದು ಕನ್ನಡದಲ್ಲಿ.

“ನಮ್ಮೂರಲ್ಲಿ ವಾರ್ಡು ಗೀರ್ಡು ಇಲ್ಲ. ಇಡೀ ಊರಿಗೆ ಹತ್ತು ಸೀಟು. ಒಬ್ಬೊಬ್ಬರೂ ಹತ್ತು ಹೆಸರು ಆರಿಸಬಹುದು. ಹೆಚ್ಚು ವೋಟು ಬಿದ್ದ ಹತ್ತು ಜನ ಒಳಗೆ.”

“ಹತ್ತು ಜನಾನಾ! ನಮ್ಮಲ್ಲಿ ಒಬ್ಬರನ್ನ ಆರಿಸೋಷ್ಟರಲ್ಲೇ ತಲೆ ಕೆಟ್ಟು ಕೆರ ಹಿಡಿಯುತ್ತೆ,” ಎಂದರು ಅತ್ತೆ.

ಮೇಯರನ್ನೂ ಅವರ ಕಡೆ ಜನರೇ ಆರಿಸುತ್ತಾರಂತೆ, ವೈಸ್ ಮೇಯರನ್ನೂ ಬೇರೆಯಾಗಿ. ಸಭೆ ನಡೆಸುವುದು ವೈಸ್ ಮೇಯರ್. ಎರಡೂ ಕಡೆ ಮತ ಸಮ ಬಿದ್ದರೆ ಮಾತ್ರ ಅವರ ಕೈ ಮೇಲೇಳುವುದು. ಊರಿನ ಕೇರಿಗಳ ಮುಖಂಡರೆಲ್ಲ ಸೇರಿ ಆರಿಸಿಕೊಂಡ ಒಬ್ಬರಿಗೂ, ಯುವಕರ ಸಂಘಗಳ ಪರವಾಗಿ ಒಬ್ಬರಿಗೂ ಆ ಹತ್ತರ ಜೊತೆ ಕುರ್ಚಿ ಉಂಟು. “ಚಿಕ್ಕ ಹುಡುಗರಿಗೂ ಕುರ್ಚಿನಾ? ನಮ್ಮೂರಲ್ಲಿ ಹೇಳಿದ್ರೆ ಹೊಡೆಯೋಕೆ ಬರ್ತಾರೆ,” ಎಂದು ಅತ್ತೆ ಖುಷಿಪಟ್ಟರು. ಮೂರು ವರ್ಷಕ್ಕೊಂದು ಅವಧಿ. ಸತತ ಮೂರು ಸಲ ಆದಮೇಲೆ ಒಂದು ಅವಧಿ ಮನೆಯಲ್ಲಿ ಕೂರಲೇಬೇಕು. ಹಾಗೆ ಕೂತಾಗಲೇ ಮಗಳು ಇಲ್ಲಿಗೆ ಕರೆಸಿಕೊಂಡಿದ್ದು.

ಒಮ್ಮೆ ಅವರು ಜೀಪ್ನಿ, ಅಂದರೆ ಅಲ್ಲಿನ ಟೆಂಪೋ ಬಸ್ಸು, ನಿಲ್ಲುವ ಕಡೆಯೆಲ್ಲ ನೆರಳು ಮತ್ತು ಬೆಂಚು ಇರಲೇಬೇಕೆಂದು ನಿಯಮ ಮಾಡಿಸಿದ್ದರಂತೆ. ಮೇಯರ್ ಸಹಿ ಹಾಕದೆ ವಾಪಸು ಕಳಿಸಿದರು. ರೆಮಿ ಆಂಟಿ ಒಬ್ಬೊಬ್ಬ ಸದಸ್ಯರ ಮನೆಗೂ ಹೋಗಿ ಕೂತು, ಮೂರರಲ್ಲಿ ಎರಡು ಪಾಲು ಜನರನ್ನು ಒಪ್ಪಿಸಿ, ಅದನ್ನೇ ಮತ್ತೆ ಪಾಸು ಮಾಡಿಸಿದರು. “ಆಮೇಲೆ ಮೇಯರ್ ಬೇಡ ಅಂದರೂ ನಡೆಯಲ್ಲ,” ಎಂದು ತಾವು ಕೂತ ಬೆಂಚನ್ನು ತಟ್ಟಿದರು.

ಆ ಮಾತಾಗಿ ಒಂದೇ ವಾರದಲ್ಲಿ ನಮ್ಮ ಬೋರ್ಡಿನವರು ಈ ಬೆಂಚನ್ನು ಕಿತ್ತುಕೊಂಡು ಹೋದರು. ಜನ ಗುಂಪು ಸೇರುತ್ತಾರೆ ಎಂಬುದು ಕಾರಣ. ಆಗ ಅದು ಸರಿಯೇ ಇತ್ತು ಅನ್ನಿ. ಆದರೆ ಮಾಸ್ಕುಗಳು ಹೋದವು, ಅತ್ತೆ ಊರಿಗೆ ಹೋದರು, ಬೆಂಚು ಮಾತ್ರ ಬರಲಿಲ್ಲ. ರೆಮಿ ಆಂಟಿಯ ಮಂಡಿನೋವು ಹೆಚ್ಚಾಯಿತು. ಅಂಚೆ ಡಬ್ಬಿಯವರೆಗೆ ನಡೆದರೆ ಕೂತು ಸುಧಾರಿಸಿಕೊಳ್ಳದೆ ವಾಪಸಾಗಲು ಆಗದು. ಅವರು ಹೊರಗೆ ಬರುವುದನ್ನೇ ಬಿಟ್ಟರು. ಕಿಟಕಿಯ ಪರದೆ ಸರಿಸಿ ಕೈ ಬೀಸುತ್ತಿದ್ದರು, ಅಷ್ಟೆ. ಅತ್ತೆ ವಿಡಿಯೋ ಕಾಲಿನಲ್ಲಿ ಮೊಮ್ಮಗಳ ಸಮಾಚಾರಕ್ಕೂ ಮೊದಲು, “ರೆಮಿ ಆಚೆ ಬಂದ್ರಾ?” ಎಂದು ಕೇಳುತ್ತಿದ್ದರು. ಇಲ್ಲ ಎನ್ನಲು ನನಗೆ ಸಂಕಟ.

ಬೋರ್ಡಿಗೆ ಮೇಲ್ ಮೇಲೆ ಮೇಲ್ ಬರೆದೆ. ಪರಿಶೀಲಿಸುತ್ತೇವೆ ಎಂಬ ಉತ್ತರವೇ ಮತ್ತೆ ಮತ್ತೆ ಬಂತು. ರೋಸಿ ಹೋಗಿ ಕಳೆದ ವರ್ಷ ನಾನೇ ಚುನಾವಣೆಗೆ ನಿಂತೆ. ಐದು ಸೀಟಿಗೆ ಆರು ಜನ. ಮನೆಗೊಂದು ಮತಪತ್ರ, ಅದರಲ್ಲಿ ಐದು ಹೆಸರಿಗೆ ಗುರುತು ಹಾಕಬಹುದು.

ಎಣಿಕೆಯ ದಿನ ಐದನೆಯವರಿಗೆ ಮೂವತ್ತೆರಡು, ನನಗೆ ಮೂವತ್ತೊಂದು. ಐದನೆಯವರು ಬೆಂಚು ಕೀಳಿಸಿದ ಅಧ್ಯಕ್ಷರೇ.

ಮನೆಗೆ ಬರುವಾಗ ನನ್ನ ಗಂಡ ಕೇಳಿದರು, “ನಮ್ಮ ಮನೆ ಬ್ಯಾಲಟ್ ನೀನೇ ತುಂಬಿದ್ದಲ್ವಾ? ಯಾರ್ ಯಾರಿಗೆ ಹಾಕಿದೆ?”

“ಉಳಿದ ಐದೂ ಜನಕ್ಕೆ.”

“ಮತ್ತೆ ನಿನಗೆ?”

“ಛೆ, ನನಗೆ ನಾನೇ ಹಾಕ್ಕೊಳ್ಳೋದಾ? ಚೆನ್ನಾಗಿರಲ್ಲ ಅಂತ...”

ಅವರು ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟರು. ದಾಕ್ಷಿಣ್ಯಕ್ಕೆ ಬಸಿರಾದರು ಎಂಬ ಗಾದೆಯನ್ನು ಕೇಳಿದ್ದೆ. ದಾಕ್ಷಿಣ್ಯಕ್ಕೆ ಸೋತವಳು ನಾನೊಬ್ಬಳೇ ಇರಬೇಕು. ಅಧ್ಯಕ್ಷರ ಬದಲು ನನ್ನ ಹೆಸರಿಗೆ ಗುರುತು ಹಾಕಿದ್ದರೆ ಲೆಕ್ಕ ತಿರುವುಮುರುವಾಗುತ್ತಿತ್ತು.

ರೆಮಿ ಆಂಟಿಗೆ ಹೇಳಲು ಹೋದಾಗ ಅವರು ನಗಲಿಲ್ಲ.

“ಮೂರು ಚುನಾವಣೆಯಲ್ಲೂ ನಾನು ಮೊದಲು ತುಂಬಿದ್ದು ಮತಪತ್ರದಲ್ಲಿ ನನ್ನ ಹೆಸರಿನ ಮುಂದಿರುವ ಸೊನ್ನೆಯನ್ನ. ಆಮೇಲೆ ಉಳಿದ ಒಂಬತ್ತು. ನನಗೇ ನಾನು ಬೇಡವಾದರೆ ಮೀನು ಮಾರುವವಳ ಹತ್ತಿರ ಯಾವ ಮುಖ ಇಟ್ಟುಕೊಂಡು ವೋಟು ಕೇಳಲಿ?” ಮಂಡಿ ನೀವಿಕೊಳ್ಳುತ್ತ ಹೇಳಿದರು: “ಈ ಮನೆ ಮಗಳ ಹೆಸರಲ್ಲಿದೆ, ಇಲ್ಲಿ ನನಗೆ ವೋಟಿಲ್ಲ. ಇಲ್ಲಿಂದ ನಮ್ಮ ದೇಶದ ಪ್ರೆಸಿಡೆಂಟರಿಗೆ, ಸೆನೆಟರುಗಳಿಗೆ ಹಾಕಬಹುದು. ಒಂಬತ್ತು ವರ್ಷ ಕೂತ ನನ್ನೂರಿನ ಕೌನ್ಸಿಲಿಗೆ ಹಾಕುವ ಹಾಗಿಲ್ಲ. ನಿನಗೆ ಒಂದು ಇತ್ತು. ಅದನ್ನೂ ಬಿಟ್ಟುಕೊಟ್ಟೆಯಲ್ಲ, ಮಗಳೇ.”

ನನಗೆ ಅಳು ಬಂತು. ಅತ್ತೆಗೆ ಫೋನು ಮಾಡಿದರೆ ಅಲ್ಲೂ ಮಂಗಳಾರತಿ. “ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ಗಂಟೆ ಡ್ರೈವ್ ಮಾಡಿ ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ವೀಳ್ಯದೆಲೆ ತಂದು, ಊರವರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೀತೀಯ. ಅದಕ್ಕಿಲ್ಲದ ನಾಚಿಕೆ ವೋಟು ಕೇಳೋಕೆ ಎಲ್ಲಿಂದ ಬಂತು?”

ಹಾಗಾಗಿ ಈ ವರ್ಷ ಮತ್ತೆ ನಿಂತು, ನಮ್ಮದೊಂದು ಬಿಟ್ಟು ಐವತ್ತೊಂಬತ್ತು ಬಾಗಿಲನ್ನೂ ತಟ್ಟಿದೆ. ಕಿಟಕಿಯಲ್ಲಿ ಕೈ ಬೀಸುವ ಅಜ್ಜಿಗೆ ಕೂರಲು ಒಂದು ಜಾಗ ಬೇಕು, ನನಗೆ ವೋಟು ಹಾಕಿ ಎಂದು ನೇರವಾಗಿ ಕೇಳಿದೆ. ಮೊದಲ ಬಾಗಿಲಲ್ಲಿ ನಾಲಿಗೆ ತೊದಲಿತು. ಹತ್ತನೆಯದರ ಹೊತ್ತಿಗೆ ಕುಂಕುಮಕ್ಕೆ ಕರೆದಷ್ಟೇ ಸಲೀಸಾಯಿತು. ಅಧ್ಯಕ್ಷರ ಮನೆಗೂ ಹೋದೆ. ತಣ್ಣನೆಯ ನೀರು ಕೊಟ್ಟರು, ಮಾತು ಕೊಡಲಿಲ್ಲ.

ಈಗ ಲಕೋಟೆ ಒಡೆದು ಊಟದ ಮೇಜಿನ ಮೇಲೆ ಮತಪತ್ರ ಹರಡಿದೆ. ಮೊದಲ ಗುರುತು ನನ್ನ ಹೆಸರಿಗೆ. ಉಳಿದ ನಾಲ್ಕು ಅಧ್ಯಕ್ಷರನ್ನು ಬಿಟ್ಟು ಬೇರೆಯವರಿಗೆ. ಸಹಿ ಮಾಡಿ, ಲಕೋಟೆ ಅಂಟಿಸಿ, ಮಡಚುವ ಕುರ್ಚಿಯೊಂದನ್ನು ಹೆಗಲಿಗೇರಿಸಿ ರೆಮಿ ಆಂಟಿಯ ಬಾಗಿಲು ತಟ್ಟಿದೆ.

“ಆಂಟಿ, ಇದನ್ನ ನೀವೇ ಪೋಸ್ಟ್ ಮಾಡಬೇಕು. ಬನ್ನಿ.”

ನನ್ನ ತೋಳು ಹಿಡಿದು, ಎರಡು ಕಡೆ ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡು, ಅವರು ಅಂಚೆ ಡಬ್ಬಿಯವರೆಗೂ ಬಂದರು. ಲಕೋಟೆಯನ್ನು ಕೈಯಲ್ಲಿ ಹಿಡಿದು ಕೇಳಿದರು, “ಮೊದಲು ಯಾರಿಗೆ?”

“ನನಗೇ.”

ಲಕೋಟೆಯನ್ನು ಒಳಗೆ ಬಿಟ್ಟು, ಅದು ಬಿದ್ದ ಸದ್ದು ಕೇಳುವವರೆಗೂ ನಿಂತರು. ಆಮೇಲೆ ಮರದ ಕೆಳಗೆ ಬೆಂಚಿದ್ದ ಖಾಲಿ ನೆಲದತ್ತ ತಿರುಗಿ, ಸಭೆಗೆ ಹೊರಟವರ ಹಾಗೆ ಸೆರಗಿಲ್ಲದ ಹೆಗಲ ಮೇಲೆ ನೈಟಿ ಸರಿಮಾಡಿಕೊಂಡರು.

“ಹಳೇ ಬೆಂಚು ಗೋಡೆ ಕಡೆ ಮುಖ ಮಾಡಿತ್ತು. ಈ ಸಲ ದಾರಿ ಕಡೆ ಹಾಕಿಸು. ಹೋಗಿ ಬರುವವರೆಲ್ಲ ಕಾಣಬೇಕು.”