ಯಾವ ಗಡಿಯಾರದ ಪ್ರಕಾರ?

ನಮ್ಮೂರು ಹಾಫ್‌ಮನ್ ಎಸ್ಟೇಟ್ಸಿನ ನಾಗಭೂಷಣ ಅಂಕಲ್‌ಗೆ ಟೈಮ್ ಹೇಳುವವರು ಹುಷಾರಾಗಿರಬೇಕು. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟ ಆರು ಗಂಟೆಗೆ ಎಂದರೆ ಸಾಕು, "ಯಾವ ಗಡಿಯಾರದ ಪ್ರಕಾರ?" ಎನ್ನುತ್ತಾರೆ. ಮೂರು ಬೇಸಿಗೆಗಳ ಹಿಂದೆ ಅವರ ಕಾರ್‌ಪೂಲಿನ ಗೆಳೆಯ ಚಂದ್ರಮೌಳಿ ಅರಿಜೋನಾದ ಮರುಭೂಮಿಯಲ್ಲಿ ಕಾಣೆಯಾದಾಗಿನಿಂದ ಹೀಗೆ. ಬೇಸಿಗೆ ಬಂತೆಂದು ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತೇವೆ, ಅಲ್ಲಿ ತಿರುಗಿಸುವುದಿಲ್ಲ; ಎರಡೂ ಕಡೆಯ ಸಮಯದ ಅಂತರ ಒಂದು ಗಂಟೆ ಹೆಚ್ಚುತ್ತದೆ. ಪೊಲೀಸರ ಟೈಮ್‌ಲೈನಿನಲ್ಲಿ ಆ ಒಂದು ಗಂಟೆ ಬಿಟ್ಟುಹೋಗಿದೆ ಎಂಬುದು ಅಂಕಲ್ ವಾದ. ಅದನ್ನು ವಿವರಿಸಲು ಊಟದ ಮೇಜೇ ಮರುಭೂಮಿ. ಉಪ್ಪಿನ ಡಬ್ಬಿ ಗ್ಯಾಸ್ ಸ್ಟೇಷನ್, ಸೌಟು ಹೆದ್ದಾರಿ, ಖಾಲಿ ಕಾರು ಸಿಕ್ಕ ಜಾಗದಲ್ಲಿ ಒಂದು ಚಕ್ಕುಲಿ. ಯಾರಾದರೂ ಮೈಮರೆತು ಕಾರನ್ನು ತಿಂದುಬಿಟ್ಟರೆ ಬೇಸರಿಸದೆ ಇನ್ನೊಂದು ಇಡುತ್ತಾರೆ. "ಸಾರು ತಣ್ಣಗಾಯ್ತು ಕಣ್ರೀ, ನನ್ನ ಗಡಿಯಾರದ ಪ್ರಕಾರ" ಎನ್ನುತ್ತಾರೆ ಹೆಂಡತಿ ವಿಶಾಲಾಕ್ಷಿ. ಅಡುಗೆಮನೆಯ ಗೋಡೆಯ ಮೇಲೆ ಅರಿಜೋನಾದ ಸಮಯಕ್ಕೇ ಇಟ್ಟ ಗಡಿಯಾರವೊಂದಿದೆ. ಅಂಕಲ್ ಬದಲಾಯಿಸಲು ಒಪ್ಪದ ಹಳೆಯ ಫೋನಿನಲ್ಲಿ ಆ ದಿನದ ಒಂದು ಮಿಸ್ಡ್ ಕಾಲ್ ಇದೆ: ಚಂದ್ರಮೌಳಿ, ನಾಲ್ಕು ಗಂಟೆ ಹನ್ನೆರಡು ನಿಮಿಷ. ಆಮೇಲೆ ಮಾತಾಡಿದರಾಯ್ತು ಎಂದುಕೊಂಡು ಎತ್ತಿರಲಿಲ್ಲ. ಅದು ಯಾವ ಗಡಿಯಾರದ ಪ್ರಕಾರ ಎಂದು ಮಾತ್ರ ಅವರು ಯಾರನ್ನೂ ಕೇಳುವುದಿಲ್ಲ.